ಟ್ರೈಲರ್ ಮೇಲೆ ಸಾಗುವ ಮೋಟಾರು ಹಾಯಿದೋಣಿ: ಏನೇನಿರಬೇಕು?

ಕನಸಿನ ದೋಣಿಯ ಪಟ್ಟಿ ಬರೆಯಲು ಕುಳಿತವರು ಸಾಮಾನ್ಯವಾಗಿ ಹಾಯಿಯಿಂದ ಶುರುಮಾಡುತ್ತಾರೆ. ನೀವು ಟ್ರೈಲರ್‌ನಿಂದ ಶುರುಮಾಡಿ. ನಾನಿರುವುದು ಅಮೆರಿಕದ ಸಿಯಾಟಲ್‌ನ ಉತ್ತರಕ್ಕೆ. ಮನೆ ಪಕ್ಕದಲ್ಲಿ ನಿಲ್ಲಿಸಿದ ದೋಣಿಯನ್ನು ಟ್ರಕ್ಕಿಗೆ ಕಟ್ಟಿಕೊಂಡು ಸ್ಯಾನ್ ವಾನ್ ದ್ವೀಪಗಳತ್ತ ಹೊರಡಬೇಕು ಎಂಬುದು ನನ್ನ ಆಸೆ. ಇಲ್ಲಿನ ಹೆದ್ದಾರಿಯಲ್ಲಿ ವಿಶೇಷ ಪರವಾನಗಿಯಿಲ್ಲದೆ ಎಳೆಯಬಹುದಾದ ಅಗಲ ಎಂಟೂವರೆ ಅಡಿ. ಅದನ್ನು ಮೊದಲು ಬರೆದುಕೊಳ್ಳಿ. ಅದರ ಕೆಳಗೆ ನಿಮ್ಮ ವಾಹನ ಎಳೆಯಬಲ್ಲ ತೂಕವನ್ನು ಬರೆದು, ಟ್ರೈಲರ್, ಇಂಜಿನ್, ಇಂಧನ, ಸಾಮಾನು ಎಲ್ಲವನ್ನೂ ಅದರಿಂದ ಕಳೆಯಿರಿ. ಉಳಿದದ್ದೇ ನಿಮ್ಮ ದೋಣಿ.

ದೋಣಿ ಮಗುಚದಂತೆ ತಳದಲ್ಲಿಡುವ ಭಾರವೇ ನಿಲುಭಾರ. ಎಳೆಯುವ ತೂಕ ಉಳಿಸಲು ನೀರಿನ ನಿಲುಭಾರಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ, ರಸ್ತೆಯಲ್ಲಿ ಅದು ಖಾಲಿ. 2013ರವರೆಗೆ ತಯಾರಾದ ಮ್ಯಾಕ್‌ಗ್ರೆಗರ್ 26ಎಂ ದೋಣಿಯನ್ನು ನೋಡಿ: ನೀರಿಗಿಳಿದ ಮೇಲೆ ತಳದ ತೊಟ್ಟಿಗೆ ಸುಮಾರು 520 ಕಿಲೋ ನೀರು ತುಂಬಿಕೊಳ್ಳುತ್ತದೆ. ಆದರೆ ಹಾಯಿ ಬಿಚ್ಚುವಾಗ ತೊಟ್ಟಿ ತುಂಬಿರಲೇಬೇಕು. ಖಾಲಿ ತೊಟ್ಟಿಯಲ್ಲಿ ಇಂಜಿನ್ ಓಡಿಸುವುದು ಶಾಂತ ನೀರಿನಲ್ಲಿ ಮಾತ್ರ, ಅದೂ ಕೆಲವೇ ಜನರೊಂದಿಗೆ. ಆ ಮಾದರಿಯಲ್ಲಿ, ದೋಣಿ ಪಕ್ಕಕ್ಕೆ ಜಾರದಂತೆ ನೀರಿಗಿಳಿಸುವ ತಳದ ಹಲಗೆ ನೇರವಾಗಿ ಮೇಲೆ ಕೆಳಗೆ ಜಾರುತ್ತದೆ. ಬಂಡೆಗೆ ಬಡಿದರೆ ಪೆಟ್ಟು ದೋಣಿಗೇ. ಅದಕ್ಕಿಂತ ಹಿಂದಿನ 26ಎಕ್ಸ್‌ನಲ್ಲಿ ಹಲಗೆ ಹಿಂದಕ್ಕೆ ಮಡಿಚಿಕೊಳ್ಳುತ್ತಿತ್ತು. ನನ್ನ ದೋಣಿಗೆ ಮಡಿಚುವ ಹಲಗೆಯೇ ಬೇಕು.

ಇಂಜಿನ್ ಏಕೆ ದೊಡ್ಡದಿರಬೇಕು? ಬೇಸಿಗೆಯಲ್ಲಿ ನಮ್ಮ ಕಡಲತೋಳು ಪ್ಯೂಜೆಟ್ ಸೌಂಡ್‌ನ ಗಾಳಿ ಬಹುಪಾಲು ಮಂದ, ಉಬ್ಬರವಿಳಿತದ ಸೆಳೆತ ಮಾತ್ರ ಜೋರು. ಡಿಸೆಪ್ಷನ್ ಪಾಸ್ ಜಲಸಂಧಿಯಲ್ಲಿ ಸೆಳೆತ 8 ನಾಟ್ (ಗಂಟೆಗೆ ಸುಮಾರು 15 ಕಿ.ಮೀ.) ಮುಟ್ಟುವುದುಂಟು. ನೀರಿನ ಮಟ್ಟದಲ್ಲಿ 23 ಅಡಿ ಉದ್ದವಿರುವ ಸಾಧಾರಣ ಹಾಯಿದೋಣಿಯ ವೇಗ ಸುಮಾರು ಆರೂವರೆ ನಾಟ್‌ಗೆ ನಿಂತುಬಿಡುತ್ತದೆ, ಅದು ಸೆಳೆತ ನಿಲ್ಲುವ ಗಳಿಗೆಗೆ ಕಾಯಲೇಬೇಕು. 50 ಅಶ್ವಶಕ್ತಿಯ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಕಟ್ಟುವ ಇಂಜಿನ್) ಇದ್ದರೆ, ತಳವೂ ಅದಕ್ಕೆ ತಕ್ಕಂತೆ ಚಪ್ಪಟೆಯಾಗಿದ್ದರೆ, ಹವೆ ಕೆಡುವ ಮೊದಲು ದಡ ಸೇರಬಹುದು. ಇಂಜಿನ್ ಪೂರ್ತಿ ಮೇಲಕ್ಕೆ ಎತ್ತಿಕೊಳ್ಳುವಂತಿರಲಿ. ನೀರಲ್ಲಿ ಮುಳುಗಿದ ಪ್ರೊಪೆಲರ್ ಹಾಯಿಯ ಓಟವನ್ನು ತಿನ್ನುತ್ತದೆ.

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಹಾಯಿ ಕಟ್ಟುವ ಕಂಬದ, ಅಂದರೆ ಕೂವೆಮರದ ಬಗ್ಗೆ. ಇದನ್ನು ಒಬ್ಬರೇ ನಿಲ್ಲಿಸಲಾಗದಿದ್ದರೆ ದೋಣಿ ಮನೆಯಲ್ಲೇ ಉಳಿಯುತ್ತದೆ. ಮಲಗಿರುವ ಕೂವೆಮರವನ್ನು ಮುಂದಿನಿಂದ ಹಗ್ಗ ಹಾಕಿ ಎಳೆದರೆ ಅದು ಏಳುವುದಿಲ್ಲ, ಬುಡಕ್ಕೆ ಒತ್ತಿಕೊಳ್ಳುತ್ತದೆ ಅಷ್ಟೆ. ಆದ್ದರಿಂದ ಬುಡದಲ್ಲಿ ಆರಡಿಯ ಒಂದು ಆಸರೆ ಕೋಲು ನೆಟ್ಟಗೆ ನಿಲ್ಲಬೇಕು, ಹಗ್ಗ ಅದರ ತುದಿಯಿಂದ ರಾಟೆಗೆ ಇಳಿಯಬೇಕು. ಆಗ ಎಳೆತದ ಕೋನ ಸಿಗುತ್ತದೆ. ಅಕ್ಕಪಕ್ಕ ವಾಲದಂತೆ ಎರಡು ಸಣ್ಣ ತಂತಿಗಳೂ ಬೇಕು. ಅವುಗಳ ಕೆಳತುದಿ ಕೂವೆಮರದ ತಿರುಗುಗೀಲಿನ ನೇರಕ್ಕೇ ಇರಬೇಕು. ಒಂದಂಗುಲ ಹಿಂದು ಮುಂದಾದರೂ ಮರ ಏಳುತ್ತಿದ್ದಂತೆ ತಂತಿ ಸಡಿಲಾಗುತ್ತದೆ, ಇಲ್ಲವೇ ಬಿಗಿದು ನಿಲ್ಲುತ್ತದೆ. ಎತ್ತುವ ಮೊದಲು ತಲೆಯ ಮೇಲೆ ವಿದ್ಯುತ್ ತಂತಿ ಇದೆಯೇ ಎಂದು ನೋಡಿ. ಇದನ್ನು ಯಾವ ಅವಸರದಲ್ಲೂ ಬಿಡಬೇಡಿ.

ಮಳೆಯ ನಾಡಿಗೆ ಗಾಜಿನ ಮರೆಯಿರುವ ಚುಕ್ಕಾಣಿ ಕೋಣೆ ಬೇಕು, ಡೀಸೆಲ್ ಹೀಟರ್ ಬೇಕು. ಹಾಸಿಗೆ, ಒಲೆ, ಶೌಚಾಲಯ ನಿಮ್ಮ ಮನೆಯವರ ಇಷ್ಟ.

ಕೊನೆಯದಾಗಿ ತೊಟ್ಟಿಯ ತೂಬು: ಅದು ಹಿಂಬದಿಯಲ್ಲಿ ಕೈಗೆಟುಕುವಂತಿರಲಿ. ದಡದ ಇಳಿಜಾರಿನಲ್ಲೇ ನೀರನ್ನು ಪೂರ್ತಿ ಬಸಿದು, ಟ್ರೈಲರ್ ಬ್ರೇಕುಗಳನ್ನು ಸಿಹಿನೀರಿನಲ್ಲಿ ತೊಳೆದ ಮೇಲೆಯೇ ಹೆದ್ದಾರಿ ಹತ್ತಿ.