ಮುಚ್ಚಿದ ಬಾವಿಯ ಪಕ್ಕದಲ್ಲಿ ಮನೆ ಕಟ್ಟಿದ್ದು

ದಾವಣಗೆರೆ ಸುತ್ತಲಿನ ಎರೆ ನೆಲದಲ್ಲಿ ಸೈಟು ನೋಡುವುದಿದ್ದರೆ ಏಪ್ರಿಲ್‌ನಲ್ಲೇ ನೋಡಬೇಕು. ಬಿಸಿಲಿಗೆ ನೆಲ ಬಾಯಿ ಬಿಟ್ಟಿರುತ್ತದೆ, ಮುಚ್ಚಿಟ್ಟದ್ದೆಲ್ಲ ಕಾಣುತ್ತದೆ. ನಾನು ಕೊಂಡ 40×60 ಸೈಟಿನ ತುಂಬ ಅಂಗೈ ತೂರುವಷ್ಟು ಬಿರುಕುಗಳಿದ್ದವು. ಈಶಾನ್ಯ ಮೂಲೆಯಲ್ಲಿ ಮಾತ್ರ ಸುಮಾರು 12 ಅಡಿ ಅಗಲಕ್ಕೆ ಒಂದೂ ಬಿರುಕಿಲ್ಲ. ಅದರ ಅಂಚಿಗೆ ಬಳೆಯ ಹಾಗೆ ದುಂಡನೆಯ ಒಂದೇ ಸೀಳು. ಏಪ್ರಿಲ್‌ನಲ್ಲೂ ಬಿರಿಯದ ಮಣ್ಣು ಎರೆ ಮಣ್ಣಲ್ಲ, ಯಾರೋ ತಂದು ಸುರಿದದ್ದು.

ಹಾರೆ ಹಾಕಿ ನೋಡಿದೆ. ಬೇರೆ ಕಡೆ ಗೇಣುದ್ದ ಇಳಿಸಲು ಬೆವರು ಕಿತ್ತು ಬಂತು, ಇಲ್ಲಿ ಒಂದೇ ಏಟಿಗೆ ಅರ್ಧ ಹಾರೆ ಒಳಗೆ. ಲೇಔಟ್ ಆಗುವ ಮುಂಚಿನ ಹಳೇ ಪಹಣಿ ತೆಗೆಸಿದರೆ ನೀರಾವರಿ ಮೂಲದ ಕಡೆ ‘ಬಾವಿ’ ಎಂದಿತ್ತು. ಪಕ್ಕದ ಹೊಲದ ಅಜ್ಜ ಉಳಿದದ್ದನ್ನು ಹೇಳಿದ: “ಕಪಿಲೆ ಬಾವಿ ಕಣಪ್ಪ ಅದು. ಬೋರು ಬಂದ ಮೇಲೆ ಬತ್ತೋಯ್ತು. ಮಂಡಕ್ಕಿ ಭಟ್ಟಿ ಬೂದಿ, ಕಸ, ಇಟ್ಟಿಗೆ ಚೂರು ಎಲ್ಲಾ ಅದಕ್ಕೇ ಸುರಿದ್ರು.”

ನೆಲ ಏಕಾಏಕಿ ಕುಸಿದು ಆಗುವ ಗುಂಡಿಗೆ ಸಿಂಕ್‌ಹೋಲ್ ಎನ್ನುತ್ತಾರೆ. ಟಿವಿಯಲ್ಲಿ ತೋರಿಸುವ ದೊಡ್ಡ ಸಿಂಕ್‌ಹೋಲ್‌ಗಳಲ್ಲಿ ಬಹಳಷ್ಟು ಸುಣ್ಣಕಲ್ಲಿನ ಸೀಮೆಯವು. ಮಳೆನೀರು ಕಲ್ಲನ್ನೇ ಕರಗಿಸಿ ಪೊಟರೆ ಮಾಡುತ್ತದೆ, ಮೇಲಿನ ಮಣ್ಣು ಒಂದು ದಿನ ಕುಸಿಯುತ್ತದೆ. ನಮ್ಮ ಕಡೆ ಅಡಿಯಲ್ಲಿರುವುದು ಹೆಚ್ಚಾಗಿ ಗ್ರಾನೈಟ್, ನೈಸ್ (gneiss) ಎಂಬ ಗಟ್ಟಿ ಕಲ್ಲು. ಅವು ಹಾಗೆ ಕರಗುವುದಿಲ್ಲ. ಇಲ್ಲಿ ಪೊಟರೆ ಮಾಡಿಟ್ಟವರು ಮನುಷ್ಯರೇ: ಹಾಳುಬಾವಿ, ಒಡೆದ ಒಳಚರಂಡಿ, ಕಲ್ಲು ತೆಗೆದ ಗುಂಡಿ. ಬಾವಿಗೆ ಸುರಿದ ಕಸ ಕೊಳೆತು ಕುಗ್ಗುತ್ತದೆ, ನೀರು ಇಳಿದಾಗೆಲ್ಲ ನುಣ್ಣನೆ ಬೂದಿ ಕೆಳಗಿನ ಸಂದಿಗೆ ಜಾರುತ್ತದೆ. ಮೇಲೊಂದು ಮಣ್ಣಿನ ಕಮಾನು ಉಳಿದು ಎಷ್ಟೋ ವರ್ಷ ನಿಲ್ಲುತ್ತದೆ, ಭಾರ ಬಿದ್ದ ದಿನ ಬೀಳುತ್ತದೆ.

ಉಳಿದ ನೆಲದ ಗುಣವನ್ನೂ ತಿಳಿಯಬೇಕಿತ್ತು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ; ಎಷ್ಟು ಉಬ್ಬುತ್ತದೆ ಎಂಬುದೇ ಪ್ರಶ್ನೆ. ಇದಕ್ಕೆ ಸುಲಭದ ಪರೀಕ್ಷೆಯೊಂದಿದೆ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ ಎರಡು ಅಳತೆ ಜಾಡಿಗೆ ಹಾಕಿ, ಒಂದಕ್ಕೆ ಸೀಮೆಎಣ್ಣೆ, ಇನ್ನೊಂದಕ್ಕೆ ಭಟ್ಟಿ ಇಳಿಸಿದ ನೀರು 100 ಮಿ.ಲೀ. ಗುರುತಿನವರೆಗೆ ತುಂಬಿ 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನನ್ನ ಮಣ್ಣು ಅಲ್ಲಿ 10 ಮಿ.ಲೀ. ಗುರುತಿಗೆ ನಿಂತಿತ್ತು, ನೀರಿನಲ್ಲಿ 18ಕ್ಕೆ ಏರಿತ್ತು. ಅಂದರೆ ಶೇ. 80 ಉಬ್ಬು. ಶೇ. 50 ದಾಟಿದರೆ ಸಾದಾ ಕಲ್ಲುಪಾಯ ನಂಬುವ ಹಾಗಿಲ್ಲ.

ಹಾಗಾಗಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ ಬೆಳೆಸಿದ ಅಂಡರ್-ರೀಮ್ಡ್ ಪೈಲ್, ಅಂದರೆ ನೆಲ ಕೊರೆದು ಹುಯ್ಯುವ ಬುಡ ಅಗಲದ ಕಾಂಕ್ರೀಟ್ ಕಂಬ ಹಾಕಿಸಿದೆ. ಸುಮಾರು 3.5 ಮೀಟರ್ ಆಳ, ಬುಡದಲ್ಲಿ ಕಂಬದ ಎರಡೂವರೆ ಪಟ್ಟು ಅಗಲದ ಗುಬುಟು. ಅಷ್ಟು ಆಳದಲ್ಲಿ ಮಳೆಗಾಲ, ಬೇಸಿಗೆಯ ಆಟ ಹೆಚ್ಚು ನಡೆಯುವುದಿಲ್ಲ. ಪೈಲ್‌ಗಳ ತಲೆಯ ಮೇಲೆ ಕೂತು ಗೋಡೆ ಹೊರುವ ಪ್ಲಿಂತ್ ಬೀಮಿನ ಕೆಳಗೆ ನಾಲ್ಕು ಬೆರಳು ಖಾಲಿ ಬಿಡಬೇಕು, ಮಣ್ಣು ಉಬ್ಬಿದರೂ ಬೀಮಿಗೆ ತಾಗಬಾರದು. ಮೇಸ್ತ್ರಿಗಳಿಗೆ ಈ ಸಂದಿ ಕಂಡರೆ ಆಗದು. ಮೊದಲ ಬೀಮಿನ ಕೆಳಗೆ ಜಲ್ಲಿ ತುರುಕಿ ‘ನೀಟ್ ಮಾಡಿದೀನಿ ಸಾರ್’ ಅಂದಿದ್ದರು, ನಿಂತು ತೆಗೆಸಿದೆ.

ಬಾವಿಯ ಮೇಲೆ ಸ್ಲ್ಯಾಬ್ ಹಾಕಿ ಅದರ ಮೇಲೇ ರೂಮು ಎಬ್ಬಿಸೋಣ ಎಂದವರಿದ್ದರು. ಸುತ್ತ ಕಟ್ಟಿದ ಹಳೇ ಕಲ್ಲಿಗೇ ಗ್ಯಾರಂಟಿ ಇಲ್ಲದಾಗ ಅದರ ಮೇಲೆ ಭಾರ ಏಕೆ? ಮನೆಯನ್ನು ನೈಋತ್ಯಕ್ಕೆ ಸರಿಸಿದೆ. ವಾಸ್ತುವಿನವರೂ ಅದನ್ನೇ ಹೇಳಿದ್ದರಿಂದ ಮನೆಯಲ್ಲಿ ಜಗಳ ಬರಲಿಲ್ಲ. ಜೆಸಿಬಿ ಕೈ ಎಟಕುವಷ್ಟು ಆಳಕ್ಕೆ ಬೂದಿ ತೆಗೆಸಿದೆ, ಬುಡ ಸಿಗಲಿಲ್ಲ. ಒಳಗೆ ಯಾರನ್ನೂ ಇಳಿಸಲಿಲ್ಲ, ಬೂದಿಯ ಗೋಡೆ ಹೇಳದೆ ಕೇಳದೆ ಬೀಳುತ್ತದೆ. ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಆಮೇಲೆ ಗರಸು; ಗರಸನ್ನು ಗೇಣು ಗೇಣು ಹಾಕಿಸಿ ಒದ್ದೆ ಮಾಡಿ ದಮ್ಮಸ್ಸು ಹೊಡೆಸಿದೆ. ಕಾಂಪೌಂಡ್ ಬಾವಿ ದಾಟುವ ಕಡೆ ಎರಡೂ ಬದಿ ಪೈಲ್ ಕೊಟ್ಟು ಬೀಮಿನ ಮೇಲೆ ಗೋಡೆ ಕಟ್ಟಿಸಿದೆ.

ಅದನ್ನೇ ಇಂಗುಬಾವಿ ಮಾಡಿ ಚಾವಣಿ ನೀರು ಬಿಡಿ ಎಂಬ ಸಲಹೆಯೂ ಬಂತು. ಇಂಗುಬಾವಿ ಒಳ್ಳೆಯದೇ, ಆದರೆ ಎರೆ ನೆಲದ ಪಾಯದ ಪಕ್ಕ ಬೇಡ. ಚಾವಣಿ ನೀರು ಪೈಪಿನಲ್ಲಿ ರಸ್ತೆ ಚರಂಡಿಗೆ ಹೋಗುತ್ತದೆ.

ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಆ ಮೂಲೆ ಮೂರು ಬೆರಳು ಕೂತಿತ್ತು, ಗೋಡೆಗೆ ಏನೂ ಆಗಿರಲಿಲ್ಲ. ಪ್ರತಿ ದೀಪಾವಳಿ ಹೊತ್ತಿಗೆ ಒಂದಿಷ್ಟು ಗರಸು ಹಾಕಿ ಸಮ ಮಾಡುತ್ತೇನೆ. ನೆಂಟರು ಬಂದಾಗ ಕಾರು ಅಲ್ಲಿಗೇ ತಿರುಗಿಸುತ್ತಾರೆ. ಎದ್ದು ಹೋಗಿ ಬೀದಿಯಲ್ಲಿ ನಿಲ್ಲಿಸಲು ಹೇಳುತ್ತೇನೆ.