ದಾಲ್ ಮಿಲ್ಲಿಗೊಂದು ಸುರಕ್ಷಾ ಯೋಜನೆ: ಚೀಲದ ಹಿಂದೆ ಹೋಗಿ ನೋಡಿ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಸರಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಫ್ಯಾನಿನ ಕೆಳಗೆ ಕೂತವರಿಗೇ ಈ ಬಿಸಿಲು ತಡೆಯಲಾಗದು ಎಂದು ಒಪ್ಪಿಕೊಂಡ ಊರಿದು. ಅದೇ ಹೊತ್ತಿಗೆ ದಾಲ್ ಮಿಲ್ಲಿನ ಅಂಗಳದಲ್ಲಿ ಹೆಣ್ಣುಮಕ್ಕಳು ತೊಗರಿ ಹರವಿ, ಕೈಯಾಡಿಸಿ ಒಣಗಿಸುತ್ತಿರುತ್ತಾರೆ. 2019ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಪಡೆದ ನಮ್ಮ ತೊಗರಿಬೇಳೆ ಇವರ ಕೈಯಿಂದಲೇ ಹಾದು ಬರುವುದು. ಇವರ ಆರೋಗ್ಯಕ್ಕೆ ಬರೆದಿಟ್ಟ ಯೋಜನೆಯೊಂದು ಪ್ರತಿ ಮಿಲ್ಲಿನಲ್ಲೂ ಇರಲೇಬೇಕು. ಅದನ್ನು ಮಾಡುವ ಬಗೆ ಹೀಗಿದೆ.

ಮೊದಲು ನಡೆದು ನೋಡಿ

ಕಾಗದ ಹಿಡಿಯುವ ಮುನ್ನ, ಮಿಲ್ ನಡೆಯುತ್ತಿರುವಾಗಲೇ ಒಂದು ಚೀಲದ ಹಿಂದೆ ಹೋಗಿ. ಲಾರಿಯಿಂದ ಹಮಾಲರ ಬೆನ್ನಿಗೆ, ಅಲ್ಲಿಂದ ಜರಡಿಗೆ, ರೋಲರಿಗೆ, ಎಣ್ಣೆ ಸವರುವಲ್ಲಿಗೆ, ಒಣಗಿಸುವ ಅಂಗಳಕ್ಕೆ, ಒಡೆಯುವ ಯಂತ್ರಕ್ಕೆ, ಕೊನೆಗೆ ಗೋದಾಮಿಗೆ. ಪ್ರತಿ ಜಾಗದಲ್ಲೂ ಅಲ್ಲಿ ದುಡಿಯುವವರನ್ನೇ ಕೇಳಿ: “ಅಕ್ಕಾ, ಇಲ್ಲಿ ಯಾವುದರ ಅಂಜಿಕಿ ಅದ? ಮನಿಗಿ ಹೋದ ಮ್ಯಾಲ ಎಲ್ಲಿ ನೋಯ್ತದ?” ಕೆಲಸ ಮಾಡಿಸುವ ಮುಕದ್ದಮರು ಪಕ್ಕದಲ್ಲಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ಆ ಹೊತ್ತಿಗೆ ಅವರನ್ನು ಬೇರೆ ಕೆಲಸಕ್ಕೆ ಕಳಿಸಿ. ಕೇಳಿದ್ದನ್ನೆಲ್ಲ ಬರೆದುಕೊಂಡು, ಜೀವಕ್ಕೆ ಎರವಾಗಬಲ್ಲದ್ದನ್ನು ಪಟ್ಟಿಯ ಮೇಲಕ್ಕೆ ತನ್ನಿ.

ಜೀವ ತೆಗೆಯುವಂಥವು

ತಿರುಗುವ ಬೆಲ್ಟು, ಪುಲ್ಲಿಗಳಿಗೆ ಜಾಲರಿ ಹಾಕಿಸಿ. ಸೀರೆಯ ಸೆರಗು, ಜಡೆ, ಕೊರಳಿನ ಟವೆಲ್ ಸಿಕ್ಕಿಕೊಳ್ಳುವುದಕ್ಕೆ ಕ್ಷಣ ಸಾಕು. ಯಂತ್ರದೊಳಗೆ ಕೈ ಹಾಕಬೇಕಾದವರು ಮೇನ್ ಸ್ವಿಚ್ ಆರಿಸಿ, ಅದಕ್ಕೆ ಬೀಗ ಜಡಿದು, ಕೀಲಿಯನ್ನು ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳಲಿ. ಒಳಗಿದ್ದವರನ್ನು ನೋಡದೆ ಬೇರೆಯವರು ಸ್ವಿಚ್ ಹಾಕುವುದನ್ನು ಆ ಬೀಗ ತಡೆಯುತ್ತದೆ.

ಎರಡನೆಯದು ಗೋದಾಮಿನ ಗುಳಿಗೆ. ಹುಳ ಸಾಯಿಸಲು ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಗಾಳಿಯ ತೇವ ಹೀರಿ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಗೋಡೆಯ ಬಿರುಕು, ಕಿಟಕಿಯ ಸಂದಿನಿಂದ ಅದು ಪಕ್ಕದ ಕೋಣೆಗೂ ನುಸುಳುತ್ತದೆ. ಆದ್ದರಿಂದ ಗೋದಾಮಿಗೆ ಅಂಟಿದ ಕೋಣೆಯಲ್ಲಿ ಕಾವಲುಗಾರರ ಕುಟುಂಬವಾಗಲಿ, ಕೂಲಿಗಳಾಗಲಿ ಮಲಗುವ ಏರ್ಪಾಡು ಇರಲೇಕೂಡದು. ಗುಳಿಗೆ ಇಡುವ ಕೆಲಸ ತರಬೇತಾದವರದ್ದೇ ಆಗಲಿ. ಬಾಗಿಲಿಗೆ ಓದಲು ಬಾರದವರಿಗೂ ತಿಳಿಯುವಂತೆ ತಲೆಬುರುಡೆಯ ಚಿತ್ರ ಅಂಟಿಸಿ. ಪೂರ್ತಿ ಗಾಳಿಯಾಡಿದ ಮೇಲೆಯೇ ಹಮಾಲರು ಒಳಗೆ ಕಾಲಿಡಲಿ.

ಬಿಸಿಲಿನ ವೇಳಾಪಟ್ಟಿ

ಯೋಜನೆಯಲ್ಲಿ ಹೆಚ್ಚು ತಲೆ ಖರ್ಚು ಮಾಡಬೇಕಾದ ಭಾಗವಿದು. ತೊಗರಿ ಒಣಗಲು ಬಿಸಿಲು ಬೇಕು, ಅದನ್ನು ಕಾಯುತ್ತ ಮನುಷ್ಯರು ಅಲ್ಲೇ ನಿಲ್ಲಬೇಕಾಗಿಲ್ಲ. ಬೆಳಿಗ್ಗೆ ತಂಪು ಹೊತ್ತಿನಲ್ಲೇ ಹರವಿ, ಬಿಸಿಲು ಇಳಿದ ಮೇಲೆ ಬಳಿದು ತುಂಬುವಂತೆ ಪಾಳಿ ಹೊಂದಿಸಿ. ನಡುವೆ ಕೈಯಾಡಿಸಲೇಬೇಕಾದರೆ ಸರದಿಯ ಮೇಲೆ, ಸ್ವಲ್ಪ ಹೊತ್ತು ಮಾತ್ರ. ಅಂಗಳದ ಅಂಚಿಗೇ ನೆರಳಿನ ಚಪ್ಪರ ಹಾಕಿಸಿ, ಅಲ್ಲೇ ನೀರಿನ ಕೊಡ ಇಡಿಸಿ. ಬಾಯಾರುವ ತನಕ ಕಾಯದೆ 15–20 ನಿಮಿಷಕ್ಕೊಂದು ಲೋಟ ನೀರು ಕುಡಿಯಬೇಕು.

ನೀರಿಟ್ಟರೂ ಹೆಣ್ಣುಮಕ್ಕಳು ಕುಡಿಯುತ್ತಿಲ್ಲವೆಂದರೆ ಶೌಚಾಲಯ ನೋಡಿ ಬನ್ನಿ. ಬಾಗಿಲಿಗೆ ಚಿಲಕವಿಲ್ಲದ, ನೀರಿಲ್ಲದ ಶೌಚಾಲಯವಿದ್ದ ಕಡೆ ಅವರು ಬೇಕೆಂದೇ ಬಾಯಾರಿಕೆ ತಡೆದುಕೊಳ್ಳುತ್ತಾರೆ. ಚೀಲದ ಲೆಕ್ಕದ ಕೂಲಿಯವರು ವಿಶ್ರಾಂತಿಗೆ ಕೂರದಿದ್ದರೆ ಕಾರಣ ಇನ್ನೂ ಸರಳ: ಕೂತರೆ ದುಡ್ಡು ಹೋಗುತ್ತದೆ. ವಿಶ್ರಾಂತಿಯ ಹೊತ್ತಿಗೂ ಕೂಲಿ ಕೊಡಿ.

ಬಿಸಿಲಿನ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಮೊದಲ ದಿನ ಐದರಲ್ಲಿ ಒಂದು ಪಾಲು ಹೊತ್ತು ಮಾತ್ರ ಬಿಸಿಲಿನ ಕೆಲಸ ಕೊಟ್ಟು, ದಿನದಿನಕ್ಕೆ ಹೆಚ್ಚಿಸಿ. ಮೈ ಒಗ್ಗಲು ಒಂದೆರಡು ವಾರ ಬೇಕು. ಯಾರಾದರೂ ತೊದಲಿದರೆ, ಗೊಂದಲದಲ್ಲಿ ಮಾತಾಡಿದರೆ, ಮೈ ಕೆಂಡದಂತೆ ಸುಟ್ಟರೆ ಅದು ಬಿಸಿಲಿನ ಹೊಡೆತ. ನೆರಳಿಗೆ ತಂದು, ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ 108ಕ್ಕೆ ಕರೆ ಮಾಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಬೆನ್ನು, ಉಸಿರು, ಕಿವಿ

ವಯಸ್ಕ ಗಂಡಸರ ಹೊರೆ 55 ಕಿಲೋ ಮೀರುತ್ತಿದ್ದರೆ ಇಳಿಸಲು ಕ್ರಮ ಕೈಗೊಳ್ಳಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ಕ್ವಿಂಟಲ್ ಚೀಲ ಬಿಟ್ಟು 50 ಕಿಲೋ ಚೀಲಕ್ಕೆ ಬನ್ನಿ, ತಳ್ಳುಗಾಡಿ ಕೊಡಿ. ಜರಡಿಯ ಬಳಿ ದೂಳು ಹೀರುವ ಫ್ಯಾನ್ ಹಾಕಿಸಿದ ಮೇಲೂ ಉಳಿಯುವ ಸಣ್ಣ ದೂಳಿಗೆ ಎನ್‌95 ಮಾಸ್ಕ್ ಬೇಕು. ಮುಖಕ್ಕೆ ಸುತ್ತಿದ ದಸ್ತಿ ಅದನ್ನು ತಡೆಯದು. ಒಂದು ಗಜ ದೂರದವರ ಜೊತೆಗೂ ಕೂಗಿಯೇ ಮಾತಾಡಬೇಕಾದಲ್ಲಿ ಕಿವಿಗೆ ರಕ್ಷಣೆ ಕೊಡಿಸಿ.

ಕಾಗದದ ಕೆಲಸ

10 ಮತ್ತು ಅದಕ್ಕೂ ಹೆಚ್ಚು ಜನ ದುಡಿಯುವ ಮಿಲ್ಲಿನಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರನ್ನು ಕಾರ್ಮಿಕರ ರಾಜ್ಯ ವಿಮೆಯಾದ ಇಎಸ್‌ಐಗೆ ಸೇರಿಸಬೇಕು. ಸಂಬಳದ ಶೇ 3.25 ಮಾಲೀಕರದ್ದು, ಶೇ 0.75 ಕಾರ್ಮಿಕರದ್ದು. ಗುತ್ತಿಗೆದಾರರ ಮೂಲಕ ಬರುವವರು ಈ ಪಟ್ಟಿಯಿಂದ ಬಿಟ್ಟುಹೋಗದಂತೆ ನೋಡಿಕೊಳ್ಳಿ. ಸೇಡಂ ರಸ್ತೆಯಲ್ಲೇ ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆ ಇರುವಾಗ, ಕಾರ್ಡಿಲ್ಲವೆಂದು ಹಮಾಲರೊಬ್ಬರು ಸಾಲ ಮಾಡಿ ಚಿಕಿತ್ಸೆ ಪಡೆಯುವಂತಾಗಬಾರದು.

ಗೇಟಿನ ಬಳಿ ಒಂದು ನೋಟ್‌ಬುಕ್ ಇಡಿ. ಗಾಯವಾದದ್ದು ಮಾತ್ರವಲ್ಲ, ಸ್ವಲ್ಪದರಲ್ಲಿ ತಪ್ಪಿದ್ದನ್ನೂ ಅದರಲ್ಲಿ ಬರೆಸಿ. ಬರೆಸಿದವರ ಕೂಲಿ ಕಡಿತವಾಗದು ಎಂದು ಮೊದಲೇ ಎಲ್ಲರೆದುರು ಹೇಳಿ. ತಿಂಗಳಿಗೊಮ್ಮೆ ಹಮಾಲರಲ್ಲೊಬ್ಬರು, ಅಂಗಳದ ಹೆಣ್ಣುಮಕ್ಕಳಲ್ಲೊಬ್ಬರು, ಯಂತ್ರ ನಡೆಸುವವರು ಮಾಲೀಕರ ಜೊತೆ ಕೂತು ಅದನ್ನು ಓದಲಿ.

ಹೊಸ ತೊಗರಿ ಗಂಜಿಗೆ, ಅಂದರೆ ಎಪಿಎಂಸಿ ಮಾರುಕಟ್ಟೆಗೆ, ಬರುವುದು ಡಿಸೆಂಬರಿನಿಂದ. ಜಾಲರಿ, ವೈರಿಂಗ್, ದೂಳಿನ ಫ್ಯಾನುಗಳ ಕೆಲಸವನ್ನು ನವೆಂಬರಿನಲ್ಲೇ ಮುಗಿಸಿ. ಚಪ್ಪರ, ನೀರು, ಪಾಳಿ ಬದಲಾವಣೆ ಮಾರ್ಚ್ ಮೊದಲ ವಾರಕ್ಕೆ ಸಿದ್ಧವಾಗಿರಲಿ.