ದೊಡ್ಡ ಟೈರ್ ಹಾಕಿದ ಜೀಪಿಗೆ ಪವರ್ ಸ್ಟೀರಿಂಗ್: ಪಂಪ್ ಕೊಳ್ಳುವ ಮುಂಚೆ ಇಷ್ಟು ಓದಿ

ಹಳೆ ಮಹೀಂದ್ರ ಜೀಪಿಗೆ 31 ಇಂಚಿನ ಟೈರ್ ಹಾಕಿಸಿದವರ ಮೊದಲ ದೂರು ಸ್ಟೀರಿಂಗ್ ಬಗ್ಗೆಯೇ. ಟಾರ್ ರಸ್ತೆಯಲ್ಲಿ ಹೇಗೋ ನಡೆಯುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ದಾರಿಯಲ್ಲಿ ಕಲ್ಲುಗಳ ಮಧ್ಯೆ ನಿಂತಲ್ಲೇ ತಿರುಗಿಸಬೇಕಾದಾಗ ಭುಜ ಸೋತುಹೋಗುತ್ತದೆ. ಆಗ ಎಲ್ಲರೂ ಕೇಳುವುದು ಒಂದೇ: ಯಾವ ಪಂಪ್ ಹಾಕಿಸಲಿ? ಪಂಪಿನ ಮಾತು ಆಮೇಲೆ. ಬಲ ಜಾಸ್ತಿ ಮಾಡುವುದು ಸುಲಭದ ಕೆಲಸ. ಆ ಬಲವನ್ನು ಸ್ಟೀರಿಂಗ್ ಬಾಕ್ಸಿನಿಂದ (ಸ್ಟೀರಿಂಗ್ ಕೋಲಿನ ತುದಿಯಲ್ಲಿರುವ ಗೇರ್ ಪೆಟ್ಟಿಗೆ) ಚಕ್ರದವರೆಗೆ ಹೊರುವ ಪ್ರತಿಯೊಂದು ರಾಡು, ಬೋಲ್ಟು, ಕೊನೆಗೆ ಚಾಸಿ ಕೂಡ ಅದಕ್ಕೆ ತಯಾರಿದೆಯಾ ಅಂತ ನೋಡುವುದೇ ನಿಜವಾದ ಕೆಲಸ.

ಮೊದಲು ಯಾಕೆ ಭಾರವಾಯಿತು ಅಂತ ನೋಡಿ. ಎಂಎಂ 540 ಥರದ ಜೀಪಿಗೆ ಕಂಪನಿಯಿಂದ ಬರುತ್ತಿದ್ದದ್ದು 6.00-16 ಟೈರ್. ಅದರ ಎತ್ತರ ಹೆಚ್ಚು ಕಡಿಮೆ 29 ಇಂಚು, ಅಗಲ 6 ಇಂಚು. ಅದನ್ನು ತೆಗೆದು 31x10.5 R15 ಹಾಕಿದರೆ ಎತ್ತರ ಎರಡು ಇಂಚು ಮಾತ್ರ ಜಾಸ್ತಿ. ಅಗಲ ನಾಲ್ಕೂವರೆ ಇಂಚು ಜಾಸ್ತಿ! ಸ್ಟೀರಿಂಗಿನ ಜೀವ ಹಿಂಡುವುದು ಈ ಅಗಲ. ಅದರ ಜೊತೆಗೆ ಹೊರಗೆ ಚಾಚಿದ ರಿಮ್ ಹಾಕಿದರೆ ಕಿಂಗ್ ಪಿನ್‌ನ (ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕೀಲು) ಗೆರೆ ನೆಲ ಮುಟ್ಟುವ ಜಾಗದಿಂದ ಟೈರಿನ ಮಧ್ಯಭಾಗ ಇನ್ನೂ ದೂರ ಸರಿಯುತ್ತದೆ. ಆಗ ಟೈರ್ ನಿಂತಲ್ಲಿ ತಿರುಗುವ ಬದಲು ನೆಲವನ್ನು ಉಜ್ಜಿಕೊಂಡು ವೃತ್ತದಲ್ಲಿ ಓಡಾಡಬೇಕಾಗುತ್ತದೆ. ಹಾಗಾಗಿ ನನ್ನ ಮೊದಲ ಸಲಹೆ ರಿಮ್ ಬಗ್ಗೆ. ಟೈರಿಗೆ ಬೇಕಾದಷ್ಟೇ ಅಗಲದ ರಿಮ್ ಹಾಕಿ, ಗಾಡಿಯ ಬಾಡಿ ಮತ್ತು ಲೀಫ್ ಸ್ಪ್ರಿಂಗಿಗೆ ತಾಗದಂತೆ ಎಷ್ಟು ಒಳಗೆ ಕೂರಿಸಬಹುದೋ ಅಷ್ಟು ಒಳಗೆ ಕೂರಿಸಿ. ನೋಡೋಕೆ ಚೆನ್ನಾಗಿರುತ್ತೆ ಅಂತ ಸುಮ್ನೆ ಸ್ಪೇಸರ್ (ಚಕ್ರವನ್ನು ಹೊರಗೆ ತಳ್ಳುವ ಬಿಲ್ಲೆ) ಹಾಕಬೇಡಿ.

ಇನ್ನು ತಪಾಸಣೆ. ಮುಂದಿನ ಆಕ್ಸಲ್ಲನ್ನು ಜ್ಯಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಡ್ರ್ಯಾಗ್ ಲಿಂಕ್ (ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ರಾಡು) ಬಿಚ್ಚಿ. ಈಗ ಚಕ್ರವನ್ನು ಕೈಯಲ್ಲಿ ತಿರುಗಿಸಿ. ನಯವಾಗಿ ಬರಬೇಕು. ಅಲ್ಲಲ್ಲಿ ಹಿಡಿದು ಬಿಟ್ಟು ಮಾಡಿದರೆ ಕಿಂಗ್ ಪಿನ್ ಬೇರಿಂಗ್ ಹೋಗಿದೆ, ಇಲ್ಲವೇ ಒಳಗೆ ಗ್ರೀಸ್ ಒಣಗಿದೆ ಅಂತ ಅರ್ಥ. ಎಷ್ಟೋ ಜೀಪಿನಲ್ಲಿ ಅರ್ಧ ಭಾರ ಇಲ್ಲೇ ಇರುತ್ತದೆ. ಇದನ್ನು ಸರಿ ಮಾಡದೆ ಪವರ್ ಸ್ಟೀರಿಂಗ್ ಹಾಕಿದರೆ ಭಾರ ನಿಮ್ಮ ಕೈಗೆ ಗೊತ್ತಾಗುವುದಿಲ್ಲ, ಬೇರಿಂಗ್ ಮಾತ್ರ ಒಳಗೊಳಗೇ ಸವೆಯುತ್ತದೆ.

ಆಮೇಲೆ ಡ್ರ್ಯಾಗ್ ಲಿಂಕ್ ಮತ್ತೆ ಹಾಕಿ, ಚಕ್ರ ನೆಲದ ಮೇಲಿಟ್ಟು, ಒಬ್ಬರನ್ನು ಸ್ಟೀರಿಂಗ್ ಎಡಕ್ಕೆ ಬಲಕ್ಕೆ ಜೋರಾಗಿ ಆಡಿಸಲು ಕೂರಿಸಿ. ನೀವು ಟಾರ್ಚ್ ಹಿಡಿದು ಬಾಕ್ಸ್ ಕೂತಿರುವ ಚಾಸಿ ಪಕ್ಕ ಮಲಗಿ ನೋಡಿ. ಚಕ್ರ ತಿರುಗುವ ಮುಂಚೆ ಬಾಕ್ಸೇ ಕದಲುತ್ತಿದೆಯಾ? ಬೋಲ್ಟಿನ ತೂತಿನಿಂದ ಹೊರಟ ಕೂದಲೆಳೆಯಷ್ಟು ತೆಳು ತುಕ್ಕಿನ ಗೆರೆ ಕಾಣುತ್ತಿದೆಯಾ? ಮಣ್ಣು ಮೆತ್ತಿಕೊಂಡಿದ್ದರೆ ಕಾಣುವುದಿಲ್ಲ, ಮೊದಲು ಡೀಸೆಲ್ ಹಾಕಿ ಬ್ರಷ್‌ನಲ್ಲಿ ಉಜ್ಜಿ. ಆ ಗೆರೆ ಚಾಸಿ ಬಿರುಕಿನ ಶುರು. ಬಿರುಕಿನ ತುದಿಯಲ್ಲಿ ಚಿಕ್ಕ ತೂತು ಕೊರೆದು, ವೆಲ್ಡ್ ಮಾಡಿ, ಮೇಲೆ ದಪ್ಪ ಪ್ಲೇಟ್ ಹಾಕಿಸಬೇಕು. ಬಿರುಕು ಇಲ್ಲದಿದ್ದರೂ ದೊಡ್ಡ ಟೈರ್ ಇರುವ ಗಾಡಿಗೆ ಪ್ಲೇಟ್ ಹಾಕಿಸುವುದೇ ಒಳ್ಳೆಯದು. ಬೋಲ್ಟು ಚಾಸಿಯ ಎರಡೂ ಗೋಡೆ ದಾಟಿ ಹೋಗುವ ಕಡೆ ಒಳಗೆ ಪೈಪ್ ಬುಷ್ ಕೊಟ್ಟು ವೆಲ್ಡ್ ಮಾಡಿಸಿ. ಇಲ್ಲದಿದ್ದರೆ ನಟ್ಟು ಬಿಗಿ ಮಾಡಿದಷ್ಟೂ ಚಾಸಿ ಒಳಕ್ಕೆ ನುಗ್ಗುತ್ತದೆ, ಬಿಗಿ ನಿಲ್ಲುವುದೇ ಇಲ್ಲ.

ಎರಡೂ ಮುಂದಿನ ಚಕ್ರಗಳನ್ನು ಜೋಡಿಸುವ ಟೈ ರಾಡಿನ ತುದಿಯ ಕೀಲುಗಳು (ಟೈ ರಾಡ್ ಎಂಡ್) ಅಲ್ಲಾಡುತ್ತಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ. ಟೈ ರಾಡ್ ಬಾಗಿದ್ದರೆ ಬಡಿದು ನೆಟ್ಟಗೆ ಮಾಡಬೇಡಿ, ಹೊಸದು ಹಾಕಿ.

ಈಗ ಪವರ್ ಸ್ಟೀರಿಂಗ್ ಬಾಕ್ಸ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸ ಬಿಡಿಭಾಗ, ಶಿವಾಜಿನಗರದಲ್ಲಿ ಹಳೆಯದು ಹುಡುಕುವುದು ಎಲ್ಲರಿಗೂ ಗೊತ್ತಿರುವ ದಾರಿ. ಹಳೆ ಬಾಕ್ಸ್ ಕೊಳ್ಳುವಾಗ ಮೂರು ವಿಷಯ ನೋಡಿ. ಒಂದು, ಡ್ರಾಪ್ ಆರ್ಮ್ (ಬಾಕ್ಸಿನಿಂದ ಡ್ರ್ಯಾಗ್ ಲಿಂಕ್ ಎಳೆಯುವ ತೋಳು) ಜೊತೆಗೇ ಸಿಗಬೇಕು, ಯಾಕೆಂದರೆ ಅದು ಕೂರುವ ಶಾಫ್ಟಿನ ಹಲ್ಲುಗಳು (ಸ್ಪ್ಲೈನ್) ಬೇರೆ ಬೇರೆ ಇರುತ್ತವೆ. ಎರಡು, ಇನ್‌ಪುಟ್ ಶಾಫ್ಟನ್ನು ಈ ತುದಿಯಿಂದ ಆ ತುದಿಗೆ ಸುತ್ತಿ ಎಷ್ಟು ಸುತ್ತು ಅಂತ ಎಣಿಸಿ, ಸರಿಯಾಗಿ ಮಧ್ಯದಲ್ಲಿ ನಿಲ್ಲಿಸಿ ಆರ್ಮ್ ಅಲ್ಲಾಡಿಸಿ ನೋಡಿ. ಮಧ್ಯದಲ್ಲಿ ಆಟ ಇದ್ದರೆ ಬೇಡ. ಮೂರನೆಯದನ್ನು ತುಂಬಾ ಜನ ಮರೆಯುತ್ತಾರೆ. ಆ ಬಾಕ್ಸ್ ಮೂಲ ಗಾಡಿಯಲ್ಲಿ ಆರ್ಮನ್ನು ಮುಂದಕ್ಕೆ ಚಾಚಿ ಕೂತಿತ್ತಾ, ಹಿಂದಕ್ಕಾ? ನಿಮ್ಮ ಜೀಪಿನಲ್ಲಿ ಅದು ಉಲ್ಟಾ ಆದರೆ ಎಡಕ್ಕೆ ತಿರುಗಿಸಿದಾಗ ಗಾಡಿ ಬಲಕ್ಕೆ ಹೋಗುತ್ತದೆ. ಬಾಕ್ಸ್ ಕೂರಿಸುವಾಗ ಡ್ರ್ಯಾಗ್ ಲಿಂಕ್ ಆದಷ್ಟು ಮಟ್ಟವಾಗಿರಲಿ. ಅದು ಕಡಿದಾಗಿ ಇಳಿದರೆ ಪ್ರತಿ ಗುಂಡಿಗೂ ಸ್ಟೀರಿಂಗ್ ತಾನೇ ಎಳೆಯುತ್ತದೆ.

ಪಂಪಿನ ವಿಷಯದಲ್ಲಿ ಒತ್ತಡ ಬೇರೆ, ಹರಿವು ಬೇರೆ. ಒತ್ತಡದಿಂದ ಬಲ ಬರುತ್ತದೆ, ಹರಿವಿನಿಂದ ವೇಗ. ನಿಧಾನವಾಗಿ ತಿರುಗಿಸಿದರೂ ಭಾರ ಅನಿಸಿದರೆ ಒತ್ತಡ ಸಾಲದು. ನಿಧಾನಕ್ಕೆ ಹಗುರ, ಬೇಗ ತಿರುಗಿಸಿದರೆ ಗಕ್ಕನೆ ಗಟ್ಟಿ ಅಂದರೆ ಹರಿವು ಸಾಲದು. ಕಲ್ಲಿನ ದಾರಿಯಲ್ಲಿ ನಾವು ಓಡಿಸುವುದೇ ಐಡಲ್‌ನಲ್ಲಿ, ಅಲ್ವಾ? ಪಂಪ್ ಅತಿ ನಿಧಾನ ತಿರುಗುವುದೂ ಆಗಲೇ. ಪಂಪಿಗೆ ಸ್ವಲ್ಪ ಚಿಕ್ಕ ಪುಲ್ಲಿ ಹಾಕಿದರೆ ಅದು ಜೋರಾಗಿ ತಿರುಗುತ್ತದೆ, ಐಡಲ್‌ನಲ್ಲಿ ಹರಿವು ಸುಧಾರಿಸುತ್ತದೆ. ಆದರೆ ಎಂಜಿನ್ ಪೂರ್ತಿ ವೇಗದಲ್ಲಿರುವಾಗ ಪಂಪಿನ ಮಿತಿ ದಾಟಬಾರದು, ಲೆಕ್ಕ ಹಾಕಿಯೇ ಲೇತ್ ಅಂಗಡಿಗೆ ಹೋಗಿ. ನಿಮ್ಮದೇ ಎಂಜಿನ್ ಇರುವ ಪವರ್ ಸ್ಟೀರಿಂಗ್ ಗಾಡಿಯ ಪಂಪ್ ಬ್ರ್ಯಾಕೆಟ್ ಸಿಕ್ಕರೆ ಅದನ್ನೇ ಹಾಕಿ. ಪುಲ್ಲಿಗಳು ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಬೆಲ್ಟ್ ಹಾರುತ್ತದೆ. ರಿಲೀಫ್ ವಾಲ್ವಿಗೆ (ಒತ್ತಡ ಮಿತಿ ಮೀರದಂತೆ ಎಣ್ಣೆ ಬಿಡುವ ವಾಲ್ವು) ವಾಷರ್ ಹಾಕಿ ಒತ್ತಡ ಏರಿಸುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಪೈಪು, ಸೀಲು ಒಡೆದರೆ ಬಿಸಿ ಎಣ್ಣೆ ನೇರ ಎಂಜಿನ್ ಮೇಲೆ.

33 ಇಂಚು ಅಥವಾ ಅದಕ್ಕಿಂತ ದೊಡ್ಡ ಟೈರ್ ಇದ್ದರೆ ಮಾತ್ರ ಟೈ ರಾಡಿಗೆ ಹೈಡ್ರಾಲಿಕ್ ಸಿಲಿಂಡರ್ ಸೇರಿಸುವ ಯೋಚನೆ ಮಾಡಿ. ಅದರ ಬಲ ಎಷ್ಟು ಗೊತ್ತಾ? ಒಳವ್ಯಾಸ 40 ಮಿ.ಮೀ., ಎರಡೂ ಕಡೆ 20 ಮಿ.ಮೀ. ರಾಡು ಇರುವ ಸಿಲಿಂಡರ್ 100 ಬಾರ್ ಒತ್ತಡದಲ್ಲಿ ಸುಮಾರು 960 ಕೆ.ಜಿ. ಬಲದಿಂದ ತಳ್ಳುತ್ತದೆ. ಈ ಬಲ ಬಾಕ್ಸನ್ನೂ ಚಾಸಿಯನ್ನೂ ದಾಟದೆ ನೇರ ಆಕ್ಸಲ್‌ನಿಂದ ಟೈ ರಾಡಿಗೆ ಹೋಗುವುದರಿಂದ ಬಾಕ್ಸಿಗೆ ಆರಾಮ. ಚಕ್ರವು ನಕಲ್‌ನ (ಕಿಂಗ್ ಪಿನ್ ಮೇಲೆ ಚಕ್ರದ ಜೊತೆ ತಿರುಗುವ ಭಾಗ) ಸ್ಟಾಪ್ ಬೋಲ್ಟಿಗೆ ತಾಗುವ ಮುಂಚೆ ಸಿಲಿಂಡರ್ ತನ್ನ ತುದಿ ಮುಟ್ಟಬಾರದು, ಮುಟ್ಟಿದರೆ ಬ್ರ್ಯಾಕೆಟ್ ಕಿತ್ತು ಬರುತ್ತದೆ. ಸಿಲಿಂಡರಿಗೆ ಎಣ್ಣೆ ಕೊಡಲು ಬಾಕ್ಸಿಗೆ ತೂತು ಕೊರೆದು ಥ್ರೆಡ್ ಹಾಕುವ ಕೆಲಸ ಹೈಡ್ರಾಲಿಕ್ ಗೊತ್ತಿರುವವರಿಗೇ ಕೊಡಿ.

ಎಣ್ಣೆ ಬಿಸಿಯಾಗುತ್ತದೆ. ಸ್ಟೀರಿಂಗ್ ಕೊನೆಯವರೆಗೆ ತಿರುಗಿಸಿ ಹಿಡಿದರೆ ರಿಲೀಫ್ ವಾಲ್ವ್ ಮೂಲಕ ಎಣ್ಣೆ ಸುತ್ತುತ್ತಾ ಕೆಲವೇ ಸೆಕೆಂಡಿನಲ್ಲಿ ಕಾಯುತ್ತದೆ. ವಾಪಸ್ ಬರುವ ಪೈಪಿಗೆ ಚಿಕ್ಕ ಕೂಲರ್ ಹಾಕಿ ರೇಡಿಯೇಟರ್ ಮುಂದೆ ಕಟ್ಟಿ. ಪಂಪ್ ತಯಾರಕರು ಹೇಳಿದ ಎಣ್ಣೆಯನ್ನೇ ಹಾಕಿ.

ಗಾಳಿ ತೆಗೆಯುವಾಗ ಅವಸರ ಬೇಡ. ಮುಂದಿನ ಚಕ್ರ ಮೇಲೆತ್ತಿ, ಎಂಜಿನ್ ಆಫ್ ಇಟ್ಟೇ ಎಣ್ಣೆ ತುಂಬಿ, ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ಇಪ್ಪತ್ತು ಸಲವಾದರೂ ತಿರುಗಿಸಿ. ಮಟ್ಟ ಇಳಿದಂತೆ ತುಂಬುತ್ತಾ ಹೋಗಿ. ಎಣ್ಣೆ ಡಬ್ಬಿಯಲ್ಲಿ ಗುಳ್ಳೆ ಬರುವುದು ನಿಂತ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ. ಎಣ್ಣೆ ನೊರೆ ನೊರೆಯಾಗಿ, ಪಂಪ್ ನರಳಿದಂತೆ ಸದ್ದು ಮಾಡಿದರೆ ಆಫ್ ಮಾಡಿ, ನೊರೆ ಇಳಿಯುವವರೆಗೆ ಕಾದು ಮತ್ತೆ ಮೊದಲಿಂದ ಮಾಡಿ.

ಕೊನೆಗೆ ಅಲೈನ್‌ಮೆಂಟ್. ಜೀಪನ್ನು ಎತ್ತರಿಸಿದ್ದರೆ ಕ್ಯಾಸ್ಟರ್ (ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗಿರಬಹುದು. ಪವರ್ ಬಂದ ಮೇಲೆ ಸ್ಟೀರಿಂಗ್ ತಾನಾಗಿ ಮಧ್ಯಕ್ಕೆ ಬರದೆ ಗಾಡಿ ಅತ್ತಿತ್ತ ಎಳೆದರೆ ಕ್ಯಾಸ್ಟರ್ ಅಳತೆ ಮಾಡಿಸಿ, ಬೇಕಿದ್ದರೆ ಸ್ಪ್ರಿಂಗ್ ಕೆಳಗೆ ವೆಜ್ (ಓರೆಯಾದ ಲೋಹದ ತುಂಡು) ಹಾಕಿಸಿ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. ಕೆಲಸ ಶುರು ಮಾಡುವ ಮುಂಚೆಯೇ ಆರ್‌ಟಿಒದಲ್ಲಿ ಕೇಳಿ, ವಿಮೆ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಡ್ರ್ಯಾಗ್ ಲಿಂಕ್ ಇಲ್ಲದೆ ಬರೀ ಹೈಡ್ರಾಲಿಕ್ ಪೈಪಿನ ಮೇಲೆ ನಿಂತ ಸ್ಟೀರಿಂಗ್ ಸ್ಪರ್ಧೆಯ ಗಾಡಿಗೆ ಸರಿ, ರಸ್ತೆಗೆ ಖಂಡಿತ ಬೇಡ. ಪೈಪ್ ಒಡೆದರೆ ಚಕ್ರಕ್ಕೂ ನಿಮ್ಮ ಕೈಗೂ ಸಂಬಂಧವೇ ಇರುವುದಿಲ್ಲ.

ಕೆಲಸ ಮುಗಿದ ದಿನ ಬಾಕ್ಸ್ ಬೋಲ್ಟು, ಡ್ರಾಪ್ ಆರ್ಮ್ ನಟ್ಟು, ಸಿಲಿಂಡರ್ ಬ್ರ್ಯಾಕೆಟ್ ಎಲ್ಲದಕ್ಕೂ ಬಿಳಿ ಪೇಂಟಿನಲ್ಲಿ ಅದರಿಂದ ಪಕ್ಕದ ಲೋಹದವರೆಗೆ ಗೆರೆ ಎಳೆದುಬಿಡಿ. ಸ್ಪ್ಲಿಟ್ ಪಿನ್ ಎಲ್ಲಾ ಹೊಸದೇ ಇರಲಿ. ಮೊದಲ 100 ಕಿ.ಮೀ. ಆದ ಮೇಲೆ ಒಮ್ಮೆ, ಆಮೇಲೆ ಪ್ರತಿ ಆಫ್‌ರೋಡ್ ಓಟದ ನಂತರ ಕೆಳಗೆ ಬಗ್ಗಿ ನೋಡಿ. ಗೆರೆ ಮುರಿದಿದ್ದರೆ ಅಲ್ಲಿಯೇ ಟಾರ್ಕ್ ಸ್ಪ್ಯಾನರ್ ಹಿಡಿದು ಬಿಗಿ ಮಾಡಿ, ಪದೇ ಪದೇ ಮುರಿಯುತ್ತಿದ್ದರೆ ಚಾಸಿ ಪ್ಲೇಟಿನ ಕೆಲಸವನ್ನು ಮತ್ತೊಮ್ಮೆ ಬಿಚ್ಚಿ ನೋಡಿಸಿ.